ಸಾಂಬಾರ ಪದಾರ್ಥಗಳು: ಗುಣ ಮತ್ತು ಮಾತ್ರೆ

ಆಯುರ್ವೇದದಲ್ಲಿ ಹಿಂಗ್ವಷ್ಟಕ ಚೂರ್ಣವೆಂಬ ಪ್ರಸಿದ್ಧ ಔಷಧವೊಂದುಂಟು. ಹೊಟ್ಟೆಯುಬ್ಬರ, ಅಜೀರ್ಣ, ಹಸಿವಿಲ್ಲದಿರುವಿಕೆಗಳಲ್ಲಿ ವೈದ್ಯರು ಇದನ್ನು ಶತಮಾನಗಳಿಂದ ಬಳಸುತ್ತ ಬಂದಿದ್ದಾರೆ. ಅದರಲ್ಲಿ ಸೇರುವ ಎಂಟು ದ್ರವ್ಯಗಳನ್ನು ನೋಡಿರಿ: ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಅಜಮೋದ, ಸೈಂಧವ ಲವಣ, ಎರಡು ಬಗೆಯ ಜೀರಿಗೆ ಮತ್ತು ಇಂಗು. ಇವುಗಳಲ್ಲಿ ಹೆಚ್ಚಿನವು ನಮ್ಮ ಅಡುಗೆಮನೆಯ ಸಾಂಬಾರ ಡಬ್ಬಿಯಲ್ಲಿಯೇ ಇವೆ. ಇದನ್ನು ಸೇವಿಸುವ ಕ್ರಮವೂ ಅಡುಗೆಮನೆಯದೇ. ಊಟದ ಮೊದಲ ತುತ್ತು ಅನ್ನಕ್ಕೆ ತುಪ್ಪದೊಡನೆ ಕಲಸಿ ತಿನ್ನಬೇಕು.

ಹಾಗಾದರೆ ಆಹಾರಕ್ಕೂ ಔಷಧಕ್ಕೂ ನಡುವೆ ಇರುವ ಗೆರೆ ಯಾವುದು? ಆ ಗೆರೆಯ ಹೆಸರು ಪ್ರಮಾಣ. ಸಂಸ್ಕೃತದಲ್ಲಿ ‘ಮಾತ್ರಾ’ ಎಂದರೆ ಅಳತೆ. ಕನ್ನಡದಲ್ಲಿ ಅದೇ ಪದವು ‘ಮಾತ್ರೆ’ಯಾಗಿ ಗುಳಿಗೆಯ ಹೆಸರಾಯಿತು. ಅಳತೆಯೇ ಔಷಧವೆಂಬ ತಿಳಿವಳಿಕೆ ನಮ್ಮ ಮಾತಿನಲ್ಲಿಯೇ ಅಡಗಿದೆ. ಒಂದು ಚಿಟಿಕೆ ಅರಿಶಿನವು ಪಲ್ಯದಲ್ಲಿ ಆಹಾರ. ಅದರ ಸತ್ವವನ್ನು ತೆಗೆದು ಗುಳಿಗೆಯಲ್ಲಿ ತುಂಬಿದಾಗ ಅದು ಔಷಧ. ಔಷಧವಾದ ಮೇಲೆ ಅದಕ್ಕೆ ಔಷಧದ ಎಲ್ಲ ನಿಯಮಗಳೂ ಅನ್ವಯಿಸುತ್ತವೆ: ಯಾರಿಗೆ, ಎಷ್ಟು, ಎಷ್ಟು ದಿನ, ಯಾವುದರ ಜೊತೆಗೆ, ಯಾವಾಗ ಬೇಡ.

ಈ ಮಾತನ್ನು ಈಗ ಒತ್ತಿ ಹೇಳಬೇಕಾದ ಕಾರಣವಿದೆ. 2020ರ ಮಹಾಮಾರಿಯ ಕಾಲದಲ್ಲಿ ಮನೆಮನೆಗಳಲ್ಲಿ ಕಷಾಯದ ಪಾತ್ರೆ ಒಲೆಯ ಮೇಲೇರಿತು. ಅಂದಿನಿಂದ ಮೊಬೈಲಿನಲ್ಲಿ ದಿನಕ್ಕೊಂದು ಮನೆಮದ್ದಿನ ಸಂದೇಶ ಬರುತ್ತಿದೆ. ಸಾಂಬಾರ ಪದಾರ್ಥಗಳ ಮೇಲೆ ಜನರಿಗೆ ಅಭಿಮಾನ ಹೆಚ್ಚಿದ್ದು ಸಂತೋಷದ ವಿಷಯ. ಆದರೆ ದಿನಕ್ಕೆ ನಾಲ್ಕು ಸಲ ಮೆಣಸು, ಶುಂಠಿ, ಲವಂಗಗಳ ಗಟ್ಟಿ ಕಷಾಯ ಕುಡಿದು ಎದೆಯುರಿ, ಬಾಯಿಹುಣ್ಣು, ಮೂಲವ್ಯಾಧಿಯ ರಕ್ತಸ್ರಾವಗಳನ್ನು ತಂದುಕೊಂಡವರೂ, ಮನೆಮದ್ದಿನ ಭರವಸೆಯಿಂದ ನಿತ್ಯದ ಗುಳಿಗೆ ಬಿಟ್ಟವರೂ ಚಿಕಿತ್ಸಾಲಯಕ್ಕೆ ಬರುತ್ತಿದ್ದಾರೆ. ಆದುದರಿಂದ ಈ ಲೇಖನದಲ್ಲಿ ಒಂದೊಂದು ಪದಾರ್ಥದ ಗುಣದೊಡನೆ ಅದರ ಮಿತಿಯನ್ನೂ ವಿವರಿಸಲಾಗಿದೆ.

ಒಗ್ಗರಣೆಯ ಹಿಂದಿನ ಶಾಸ್ತ್ರ

ಆಯುರ್ವೇದವು ಆರೋಗ್ಯದ ಮೂಲವನ್ನು ಜಠರಾಗ್ನಿಯಲ್ಲಿ ಕಾಣುತ್ತದೆ. ಅಗ್ನಿಯನ್ನು ಹೊತ್ತಿಸುವ ದ್ರವ್ಯಗಳಿಗೆ ‘ದೀಪನ’ವೆಂದೂ, ಪಚನವಾಗದೆ ಉಳಿದ ಆಮವನ್ನು ಕರಗಿಸುವ ದ್ರವ್ಯಗಳಿಗೆ ‘ಪಾಚನ’ವೆಂದೂ ಹೆಸರು. ಸಾಂಬಾರ ಪದಾರ್ಥಗಳಲ್ಲಿ ಬಹುಪಾಲು ಈ ಎರಡು ವರ್ಗಗಳಿಗೆ ಸೇರಿದವು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಪ್ರಯೋಗಾಲಯದ ಪ್ರಾಣಿಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿಯೂ, ಶುಂಠಿ, ಜೀರಿಗೆ, ಮೆಂತ್ಯ ಮೊದಲಾದವು ಪಿತ್ತರಸದ ಸ್ರಾವವನ್ನೂ ಜೀರ್ಣಕಾರಿ ಕಿಣ್ವಗಳ ಚಟುವಟಿಕೆಯನ್ನೂ ಹೆಚ್ಚಿಸುವುದು ಕಂಡುಬಂದಿದೆ.

ಒಗ್ಗರಣೆಯ ಕ್ರಮದಲ್ಲಿಯೂ ಅರ್ಥವಿದೆ. ಸಾಂಬಾರ ಪದಾರ್ಥಗಳ ಸುಗಂಧವೂ ಗುಣವೂ ಅವುಗಳಲ್ಲಿರುವ ಆವಿಶೀಲ ತೈಲಗಳಲ್ಲಿದೆ. ಇವು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಬಿಸಿ ಎಣ್ಣೆಗೆ ಸಾಸಿವೆ, ಜೀರಿಗೆ, ಇಂಗು, ಕರಿಬೇವು ಬಿದ್ದಾಗ ಆ ತೈಲಗಳು ಕಾಳಿನಿಂದ ಹೊರಬಂದು ಒಗ್ಗರಣೆಯ ಎಣ್ಣೆಯಲ್ಲಿ ಸೇರುತ್ತವೆ. ಅದರ ಮೂಲಕ ಇಡೀ ಸಾರಿಗೆ ಹರಡುತ್ತವೆ. ಆದರೆ ಎಣ್ಣೆ ಹೊಗೆಯಾಡುವಷ್ಟು ಕಾದರೆ ಅವು ಸುಟ್ಟುಹೋಗುತ್ತವೆ. ಕಪ್ಪಾದ ಒಗ್ಗರಣೆಯಲ್ಲಿ ಕಹಿ ಮಾತ್ರ ಉಳಿಯುತ್ತದೆ. ಸಾಸಿವೆ ಸಿಡಿದೊಡನೆ ಉರಿ ತಗ್ಗಿಸಿ ಉಳಿದವುಗಳನ್ನು ಹಾಕುವ ಹಿರಿಯರ ಪದ್ಧತಿಯೇ ಸರಿಯಾದುದು.

ಜೀರಿಗೆ, ಕೊತ್ತಂಬರಿ, ಓಮ

‘ಜೀರಿಗೆ’ ಮತ್ತು ‘ಜೀರ್ಣ’ ಎಂಬ ಎರಡು ಪದಗಳಿಗೂ ಸಂಸ್ಕೃತದ ಒಂದೇ ಧಾತು ಮೂಲ. ಜೀರಿಗೆಯು ಲಘು, ದೀಪನ ಮತ್ತು ವಾತಹರ. ನಾಲ್ಕು ಲೋಟ ನೀರಿಗೆ ಒಂದು ಚಹಾ ಚಮಚ ಜೀರಿಗೆ ಹಾಕಿ ಕುದಿಸಿ, ಶೋಧಿಸಿ, ದಿನದಲ್ಲಿ ಆಗಾಗ ಉಗುರುಬೆಚ್ಚಗೆ ಕುಡಿಯಬಹುದು. ಊಟದ ನಂತರದ ಹೊಟ್ಟೆಭಾರಕ್ಕೆ ಹುರಿದ ಜೀರಿಗೆ ಪುಡಿ, ಚಿಟಿಕೆ ಇಂಗು, ಜಜ್ಜಿದ ಹಸಿಶುಂಠಿ ಹಾಗೂ ಕರಿಬೇವು ಹಾಕಿದ ತೆಳು ಮಜ್ಜಿಗೆ ಉತ್ತಮ. ಈ ಮಜ್ಜಿಗೆಗೆ ಉಪ್ಪು ಕಡಿಮೆ ಇರಲಿ.

ಕೊತ್ತಂಬರಿ ಬೀಜವು ಮಸಾಲೆಗಳ ನಡುವಿನ ಸೌಮ್ಯ ದ್ರವ್ಯ. ಉಳಿದವು ಪಿತ್ತವನ್ನು ಕೆರಳಿಸುವಾಗ ಇದು ಶಮನಗೊಳಿಸುತ್ತದೆ. ಬೇಸಿಗೆಯ ದಾಹ, ಮೂತ್ರದ ಉರಿಗಳಲ್ಲಿ ಜಜ್ಜಿದ ಕೊತ್ತಂಬರಿ ಬೀಜವನ್ನು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಬೆಳಿಗ್ಗೆ ಶೋಧಿಸಿ ಕುಡಿಯುವುದನ್ನು ಶಾಸ್ತ್ರವು ‘ಹಿಮ’ ಕಲ್ಪನೆಯೆಂದು ಕರೆಯುತ್ತದೆ. ಒಂದು ಲೋಟಕ್ಕೆ ಎರಡು ಚಹಾ ಚಮಚ ಬೀಜ ಸಾಕು. ಮೂತ್ರದ ಉರಿಯೊಡನೆ ಜ್ವರ, ಚಳಿ, ಸೊಂಟದ ಪಕ್ಕದಲ್ಲಿ ನೋವು ಇದ್ದರೆ ಅದು ಸೋಂಕಿನ ಲಕ್ಷಣ. ಆಗ ಕೊತ್ತಂಬರಿ ನೀರಿನಿಂದ ಕಾಲಹರಣ ಮಾಡದೆ ಮೂತ್ರಪರೀಕ್ಷೆ ಮಾಡಿಸಬೇಕು.

ಓಮಕಾಳನ್ನು ನಮ್ಮ ಭಾಗದಲ್ಲಿ ಅಜವಾನವೆಂದೂ ಕರೆಯುವರು. ಅದರ ತೀಕ್ಷ್ಣ ವಾಸನೆಗೆ ಕಾರಣವಾದ ಥೈಮಾಲ್ ಎಂಬ ಅಂಶವು ವಾಯುವಿನಿಂದಾಗುವ ಹೊಟ್ಟೆಸೆಳೆತವನ್ನು ಇಳಿಸುತ್ತದೆ. ಕಾಲು ಚಮಚ ಓಮವನ್ನು ಚಿಟಿಕೆ ಉಪ್ಪಿನೊಡನೆ ಅಗಿದು ಬಿಸಿನೀರು ಕುಡಿಯುವುದು ರೂಢಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾಗದು. ನಮ್ಮ ಹಳ್ಳಿಗಳಲ್ಲಿ ಎದೆನೋವನ್ನು ‘ಗ್ಯಾಸ್’ ಎಂದು ತಿಳಿಯುವ ವಾಡಿಕೆ ಬಲವಾಗಿದೆ. ನಡುವಯಸ್ಸು ದಾಟಿದವರಿಗೆ, ಮಧುಮೇಹ ಅಥವಾ ರಕ್ತದೊತ್ತಡ ಇರುವವರಿಗೆ, ತಂಬಾಕು ಸೇವಿಸುವವರಿಗೆ ಎದೆಯಲ್ಲಿ ಒತ್ತಿದಂತಹ ನೋವು, ಎಡತೋಳಿಗೆ ಇಲ್ಲವೆ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ ಕಾಣಿಸಿದರೆ ಅದು ಹೃದಯಾಘಾತವಿರಬಹುದು. ಹೆಂಗಸರಲ್ಲಿಯೂ ಮಧುಮೇಹಿಗಳಲ್ಲಿಯೂ ಕೆಲವೊಮ್ಮೆ ನೋವಿಲ್ಲದೆ ಕೇವಲ ಸುಸ್ತು, ವಾಕರಿಕೆ, ಹೊಟ್ಟೆಯ ಮೇಲ್ಭಾಗದ ಸಂಕಟವಾಗಿ ಅದು ತೋರುತ್ತದೆ. ಇಂತಹ ಹೊತ್ತಿನಲ್ಲಿ ಓಮದ ನೀರು, ಸೋಡಾ, ಇಂಗಿನ ಮಜ್ಜಿಗೆ ಎಂದು ಒಂದೊಂದನ್ನೇ ಪರೀಕ್ಷಿಸುತ್ತ ಕುಳಿತರೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ಒಯ್ಯಬೇಕು. ಪರೀಕ್ಷೆಯ ನಂತರ ಗ್ಯಾಸ್ ಎಂದೇ ತಿಳಿದುಬಂದರೆ ನಷ್ಟವೇನೂ ಇಲ್ಲ.

ಶುಂಠಿ

ಒಣಶುಂಠಿಗೆ ಶಾಸ್ತ್ರವು ‘ವಿಶ್ವಭೇಷಜ’ ಎಂಬ ಹೆಸರನ್ನು ಕೊಟ್ಟಿದೆ; ಅಂದರೆ ಎಲ್ಲದಕ್ಕೂ ಔಷಧ. ರಸದಲ್ಲಿ ಕಟುವಾದರೂ ವಿಪಾಕದಲ್ಲಿ ಮಧುರವಾಗುವುದು ಇದರ ವೈಶಿಷ್ಟ್ಯ. ಊಟಕ್ಕೆ ಮೊದಲು ಉಪ್ಪು ಹಚ್ಚಿದ ಹಸಿಶುಂಠಿಯ ತೆಳು ಬಿಲ್ಲೆಯನ್ನು ಅಗಿಯುವುದು ಹಸಿವನ್ನು ಹೆಚ್ಚಿಸಿ ನಾಲಿಗೆಯನ್ನು ಶುದ್ಧಗೊಳಿಸುತ್ತದೆ. ವಾಕರಿಕೆಯಲ್ಲಿ ಶುಂಠಿಯ ಉಪಯೋಗವನ್ನು ಆಧುನಿಕ ಪ್ರಯೋಗಗಳೂ ಎತ್ತಿಹಿಡಿದಿವೆ. ಗರ್ಭಿಣಿಯರ ಬೆಳಗಿನ ವಾಕರಿಕೆಯಲ್ಲಿ ದಿನಕ್ಕೆ ಸುಮಾರು 1 ಗ್ರಾಂ ಒಣಶುಂಠಿಯ ಪ್ರಮಾಣವನ್ನು ಬಳಸಿ ಹಲವು ಅಧ್ಯಯನಗಳು ನಡೆದಿವೆ. ಆದರೂ ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಇದನ್ನು ಬಳಸುವುದು ಒಳಿತು.

ಇದೇ ಶುಂಠಿಯನ್ನು ಎಲ್ಲರಿಗೂ ಎಲ್ಲ ಕಾಲಕ್ಕೂ ಶಾಸ್ತ್ರವು ವಿಧಿಸಿಲ್ಲವೆಂಬುದು ಗಮನಾರ್ಹ. ರಕ್ತಪಿತ್ತ, ಹುಣ್ಣು, ದಾಹಗಳಿರುವಾಗಲೂ, ಗ್ರೀಷ್ಮ ಮತ್ತು ಶರದೃತುಗಳಲ್ಲಿಯೂ ಹಸಿಶುಂಠಿ ಹಿತವಲ್ಲವೆಂದು ಭಾವಪ್ರಕಾಶದಲ್ಲಿ ಹೇಳಲಾಗಿದೆ. ‘ಎಲ್ಲದಕ್ಕೂ ಔಷಧ’ ಎಂದು ಹೊಗಳಿದವರೇ ‘ಇಂಥವರಿಗೆ ಬೇಡ’ ಎಂದೂ ಬರೆದಿದ್ದಾರೆ. ಮೊಬೈಲಿನ ಸಂದೇಶಗಳಲ್ಲಿ ಕಾಣದೆ ಹೋಗುವುದು ಈ ಎರಡನೆಯ ಭಾಗ.

ಕಾಳುಮೆಣಸು ಮತ್ತು ಮೆಣಸಿನಕಾಯಿ

ಚರಕ, ಸುಶ್ರುತ, ವಾಗ್ಭಟರ ಗ್ರಂಥಗಳಲ್ಲಿ ‘ಮರಿಚ’ ಎಂದಿರುವುದು ಕಾಳುಮೆಣಸು. ಇಂದು ನಾವು ತಿನ್ನುವ ಮೆಣಸಿನಕಾಯಿ ಅವರಿಗೆ ತಿಳಿದಿರಲಿಲ್ಲ. ಅದು ಅಮೆರಿಕ ಖಂಡದ ಗಿಡ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ತೀರಕ್ಕೆ ಬಂದಿತು. ಕನ್ನಡಿಗರು ಅದನ್ನು ತಮಗೆ ಮೊದಲೇ ಪರಿಚಿತವಾಗಿದ್ದ ಮೆಣಸಿನ ಹೆಸರಿನಿಂದಲೇ ‘ಮೆಣಸಿನ ಕಾಯಿ’ ಎಂದು ಕರೆದರು. ಇಂದು ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಅದರ ಬಣ್ಣ ಗಾಢ, ಖಾರ ಮಿತ. ಖಾರ ಕಡಿಮೆ ಮಾಡಬೇಕಾದವರು ಬಣ್ಣಕ್ಕಾಗಿ ಅದನ್ನೇ ಬಳಸಬಹುದು.

ಹೆಸರು ಒಂದೇ ಆದುದರಿಂದ ಗುಣವೂ ಒಂದೇ ಎಂದು ತಿಳಿಯಬಾರದು. ಮೆಣಸಿನ ಗುಣವನ್ನು ಓದಿ ಮೆಣಸಿನಕಾಯಿಯನ್ನು ಹೆಚ್ಚಿಸಿಕೊಂಡರೆ ಫಲ ಬೇರೆಯೇ ಆಗುತ್ತದೆ. ಅಮ್ಲಪಿತ್ತ, ಮೂಲವ್ಯಾಧಿ, ಗುದಬಿರುಕು ಇರುವವರು ಹಸಿಮೆಣಸಿನಕಾಯಿಯ ಖಾರ, ಕೆಂಪು ರಂಜಕಗಳನ್ನು ದೂರವಿಡುವುದೇ ಮೊದಲ ಚಿಕಿತ್ಸೆ. ರೊಟ್ಟಿಯ ಜೊತೆಗೆ ಅವರು ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳನ್ನು ಖಾರವೂ ಉಪ್ಪೂ ಕಡಿಮೆ ಮಾಡಿ ಬಳಸಲಿ. ಉಪ್ಪಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ ಎಂದು ಮಿತಿ ಹೇಳಿದೆ. ಜೀರಿಗೆ, ಮೆಣಸು, ನಿಂಬೆ, ಕೊತ್ತಂಬರಿಗಳು ರುಚಿಯನ್ನು ತುಂಬಿಕೊಡುವುದರಿಂದ ಉಪ್ಪನ್ನು ಕಡಿಮೆ ಮಾಡಲು ನೆರವಾಗುತ್ತವೆ. ರಕ್ತದೊತ್ತಡದವರಿಗೆ ಸಾಂಬಾರ ಪದಾರ್ಥಗಳಿಂದ ದೊರೆಯುವ ದೊಡ್ಡ ಲಾಭ ಇದು.

ಕಾಳುಮೆಣಸಿನ ಖಾರಕ್ಕೆ ಕಾರಣ ಪೈಪರೀನ್ ಎಂಬ ಅಂಶ. 1998ರಲ್ಲಿ ಪ್ರಕಟವಾದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನವೊಂದರಲ್ಲಿ, ಅರಿಶಿನದ ಸತ್ವವಾದ ಕರ್ಕ್ಯುಮಿನ್ ಜೊತೆಗೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಬಹುಪಟ್ಟು ಹೆಚ್ಚಿತು. ತ್ರಿಕಟುವನ್ನು, ಅಂದರೆ ಶುಂಠಿ, ಮೆಣಸು, ಹಿಪ್ಪಲಿಗಳನ್ನು, ಇತರ ಔಷಧಗಳೊಡನೆ ಸೇರಿಸುತ್ತಿದ್ದ ಪ್ರಾಚೀನ ವೈದ್ಯರ ಕ್ರಮವು ಇಲ್ಲಿ ನೆನಪಾಗುತ್ತದೆ. ಆದರೆ ಪೈಪರೀನ್ ಅರಿಶಿನವೊಂದನ್ನೇ ಆರಿಸಿಕೊಂಡು ಕೆಲಸ ಮಾಡುವುದಿಲ್ಲ. ಮೂರ್ಛೆರೋಗದ ಫೆನಿಟಾಯಿನ್, ಹೃದಯ ಮತ್ತು ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್, ಉಬ್ಬಸದ ಥಿಯೋಫಿಲಿನ್ ಮುಂತಾದವುಗಳ ಪ್ರಮಾಣವನ್ನೂ ಅದು ರಕ್ತದಲ್ಲಿ ಏರಿಸಬಲ್ಲದು. ಸಾರಿನಲ್ಲಿ ಬೀಳುವ ನಾಲ್ಕಾರು ಕಾಳಿಗೆ ಹೆದರಬೇಕಾಗಿಲ್ಲ. ಆದರೆ ಈ ಗುಳಿಗೆಗಳನ್ನು ಸೇವಿಸುವವರು ದಿನವೂ ಗಟ್ಟಿ ಮೆಣಸಿನ ಕಷಾಯವನ್ನಾಗಲಿ, ಪೈಪರೀನ್ ಸೇರಿದ ಗುಳಿಗೆಗಳನ್ನಾಗಲಿ ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು.

ಅರಿಶಿನ

1995ರಲ್ಲಿ ಗಾಯ ಮಾಯಿಸುವ ಅರಿಶಿನದ ಗುಣಕ್ಕೆ ಅಮೆರಿಕದಲ್ಲಿ ಪೇಟೆಂಟ್ ನೀಡಲಾಗಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ನಮ್ಮ ಪ್ರಾಚೀನ ಗ್ರಂಥಗಳನ್ನು ಸಾಕ್ಷ್ಯವಾಗಿ ಮುಂದಿಟ್ಟು ಅದನ್ನು ಪ್ರಶ್ನಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಅರಿಶಿನದ ಗುಣವನ್ನು ನಮ್ಮ ಅಜ್ಜಿಯರು ಬಲ್ಲವರಾಗಿದ್ದರೆಂಬುದಕ್ಕೆ ಜಗತ್ತಿನೆದುರು ದೊರೆತ ಮನ್ನಣೆ ಅದು.

ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ತೂಕದಲ್ಲಿ ಸುಮಾರು ಶೇಕಡ 3ರಷ್ಟು. ಒಂದು ಚಹಾ ಚಮಚ, ಅಂದರೆ ಸುಮಾರು 3 ಗ್ರಾಂ ಪುಡಿಯಲ್ಲಿ ಅದು 100 ಮಿಲಿಗ್ರಾಂನಷ್ಟಾಗುತ್ತದೆ. ಅಂಗಡಿಯಲ್ಲಿ ಸಿಗುವ ಅನೇಕ ಗುಳಿಗೆಗಳಲ್ಲಿ ಒಂದೊಂದರಲ್ಲಿಯೇ ಇದರ ಹಲವು ಪಟ್ಟು ಇರುತ್ತದೆ. ಜೊತೆಗೆ ಹೀರಿಕೆ ಹೆಚ್ಚಿಸಲು ಪೈಪರೀನನ್ನೂ ಸೇರಿಸಿರುತ್ತಾರೆ. ಇಟಲಿಯಲ್ಲಿ 2019ರಲ್ಲಿ ಇಂತಹ ಗುಳಿಗೆಗಳನ್ನು ಸೇವಿಸಿದ ಹಲವರಲ್ಲಿ ಯಕೃತ್ತಿನ ಉರಿಯೂತ ವರದಿಯಾಯಿತು. 2023ರಲ್ಲಿ ಆಸ್ಟ್ರೇಲಿಯದ ಔಷಧ ನಿಯಂತ್ರಣ ಇಲಾಖೆಯೂ ಇದೇ ಬಗೆಯ ಎಚ್ಚರಿಕೆಯನ್ನು ಹೊರಡಿಸಿತು. ಸಾರು, ಪಲ್ಯಗಳಲ್ಲಿ ಅರಿಶಿನ ತಿಂದು ತಲೆಮಾರುಗಳು ಬಾಳಿದ ನಾಡಿನಲ್ಲಿ ನಾವು ಇದನ್ನು ಗಮನಿಸಬೇಕು: ಆಹಾರವಾಗಿ ಸುರಕ್ಷಿತವಾದುದು ಸಾಂದ್ರಸತ್ವವಾಗಿ ಅಷ್ಟೇ ಸುರಕ್ಷಿತವೆಂದು ಹೇಳಲಾಗದು. ಕಾಮಾಲೆ ಇರುವವರು, ಪಿತ್ತಕೋಶದಲ್ಲಿ ಕಲ್ಲು ಇರುವವರು, ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುವವರು ಅರಿಶಿನದ ಗುಳಿಗೆಗಳನ್ನು ತಾವಾಗಿಯೇ ಕೊಂಡು ತಿನ್ನಬಾರದು. ನೆಗಡಿ, ಗಂಟಲುನೋವುಗಳಲ್ಲಿ ಒಂದು ಲೋಟ ಬಿಸಿಹಾಲಿಗೆ ಕಾಲು ಚಮಚ ಅರಿಶಿನ, ಎರಡು ಮೆಣಸಿನ ಕಾಳಿನ ಪುಡಿ ಸೇರಿಸಿ ಕುಡಿಯುವುದಕ್ಕೆ ಅಡ್ಡಿಯಿಲ್ಲ.

ಗಾಯಕ್ಕೆ ಅರಿಶಿನ ಒತ್ತುವ ರೂಢಿಯ ಬಗೆಗೂ ಒಂದು ಮಾತು. ಸಣ್ಣ ತರಚುಗಾಯವನ್ನು ಮೊದಲು ಶುದ್ಧ ನೀರು, ಸಾಬೂನಿನಿಂದ ತೊಳೆಯುವುದು ಮುಖ್ಯ. ಆಳವಾದ ಗಾಯ, ಕಬ್ಬಿಣ ಚುಚ್ಚಿದ ಗಾಯ, ನಾಯಿ ಕಚ್ಚಿದ ಗಾಯಗಳಿಗೆ ಅಡುಗೆಮನೆಯ ಅರಿಶಿನ ತುಂಬಬಾರದು, ಚುಚ್ಚುಮದ್ದು ಹಾಕಿಸಬೇಕು. ನಾಯಿ ಕಚ್ಚಿದಾಗ ಹರಿಯುವ ನೀರು ಹಾಗೂ ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಹಸುಗೂಸಿನ ಹೊಕ್ಕಳಿಗೆ ಅರಿಶಿನ, ಎಣ್ಣೆ, ಬೂದಿ ಯಾವುದನ್ನೂ ಹಚ್ಚದೆ ಒಣದಾಗಿ ಬಿಡುವುದೇ ಕ್ಷೇಮ.

ಮೆಂತ್ಯ

ಮೆಂತ್ಯದ ಕಾಳಿನಲ್ಲಿ ನೀರಿನಲ್ಲಿ ಉಬ್ಬಿ ಲೋಳೆಯಾಗುವ ನಾರಿನಂಶ ಹೇರಳವಾಗಿದೆ. ಈ ಲೋಳೆಯು ಆಹಾರದೊಡನೆ ಬೆರೆತು ಸಕ್ಕರೆಯು ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು ಮಧುಮೇಹಿಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ ಮೆಂತ್ಯದಿಂದ ರಕ್ತದ ಸಕ್ಕರೆಯೂ ಕೊಬ್ಬೂ ಇಳಿದುದು ಕಂಡುಬಂದಿದೆ. ಒಂದು ಚಹಾ ಚಮಚ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಾಳನ್ನೂ ನೀರನ್ನೂ ಸೇವಿಸಬಹುದು. ನೀರನ್ನು ಮಾತ್ರ ಕುಡಿದು ಕಾಳನ್ನು ಚೆಲ್ಲಿದರೆ ನಾರಿನ ಬಹುಭಾಗ ವ್ಯರ್ಥವಾಗುತ್ತದೆ. ಮೆಂತ್ಯದ ಲೋಳೆಯು ಗುಳಿಗೆಗಳ ಹೀರಿಕೆಯನ್ನೂ ನಿಧಾನಗೊಳಿಸಬಹುದಾದುದರಿಂದ ಎರಡರ ನಡುವೆ ಒಂದೆರಡು ಗಂಟೆಗಳ ಅಂತರವಿರಲಿ.

ಮೆಂತ್ಯವು ಮಧುಮೇಹದ ಚಿಕಿತ್ಸೆಗೆ ಸಹಾಯಕ. ಚಿಕಿತ್ಸೆಯ ಬದಲಿ ಅಲ್ಲ. ಈಚಿನ ವರ್ಷಗಳಲ್ಲಿ ನಾನು ಕಂಡ ಒಬ್ಬ ರೈತರು, ಮೆಂತ್ಯದ ನೀರಿನಿಂದ ಸಕ್ಕರೆ ಕಾಯಿಲೆ ಬೇರುಸಹಿತ ಹೋಗುವುದೆಂಬ ಮಾತನ್ನು ನಂಬಿ ನಾಲ್ಕು ತಿಂಗಳು ಗುಳಿಗೆಗಳನ್ನು ನಿಲ್ಲಿಸಿದ್ದರು. ಆ ಅವಧಿಯಲ್ಲಿ ಒಮ್ಮೆಯೂ ರಕ್ತಪರೀಕ್ಷೆ ಮಾಡಿಸಿರಲಿಲ್ಲ. ದೇಹ ಹಗುರವಾಗಿದೆ, ಆದುದರಿಂದ ರೋಗ ಹೋಗಿದೆ ಎಂದುಕೊಂಡಿದ್ದರು. ಆ ಹಗುರವು ಏರಿದ ಸಕ್ಕರೆಯಿಂದ ದೇಹ ಕರಗುತ್ತಿದ್ದುದರ ಗುರುತಾಗಿತ್ತು. ಹೊಲದಲ್ಲಿ ತುಳಿದ ಮುಳ್ಳಿನ ಗಾಯ ಮಾಯದೆ ಕೊಳೆತಾಗ ನನ್ನಲ್ಲಿಗೆ ಬಂದರು. ಕೂಡಲೇ ಶಸ್ತ್ರವೈದ್ಯರಲ್ಲಿಗೆ ಕಳುಹಿಸಿದೆ. ಎರಡು ಬೆರಳುಗಳನ್ನು ತೆಗೆಯಬೇಕಾಯಿತು, ಪಾದ ಉಳಿಯಿತು. ಅವರು ಇಂದಿಗೂ ಮೆಂತ್ಯ ತಿನ್ನುತ್ತಾರೆ. ಗುಳಿಗೆಯನ್ನೂ ತಪ್ಪಿಸುವುದಿಲ್ಲ, ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯನ್ನೂ ತಪ್ಪಿಸುವುದಿಲ್ಲ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತ ಮೆಂತ್ಯವನ್ನು ದಿಢೀರನೆ ಹೆಚ್ಚಿಸಿದರೆ ಸಕ್ಕರೆ ಅತಿಯಾಗಿ ಇಳಿಯಬಹುದು. ನಡುಕ, ಬೆವರು, ಕಣ್ಣುಕತ್ತಲೆ ಕಾಣಿಸಿದರೆ ಕೂಡಲೇ ಸಕ್ಕರೆ ಇಲ್ಲವೆ ಬೆಲ್ಲ ಬಾಯಿಗೆ ಹಾಕಿಕೊಂಡು ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರು ಮೆಂತ್ಯಸೊಪ್ಪಿನ ಪಲ್ಯ ತಿನ್ನಬಹುದು. ಕಾಳನ್ನು ಔಷಧದ ಪ್ರಮಾಣದಲ್ಲಿ ಸೇವಿಸುವುದು ಬೇಡ.

ಇಂಗು, ಲವಂಗ, ದಾಲ್ಚಿನ್ನಿ

ಇಂಗು ಒಂದು ಬಗೆಯ ಗಿಡದ ಬೇರಿನಿಂದ ಒಸರುವ ಅಂಟು. ನಮ್ಮ ಅಡುಗೆಯಲ್ಲಿ ಇಷ್ಟು ಹಳೆಯದಾದರೂ ಇದು ಬರುವುದು ಆಫ್ಘಾನಿಸ್ತಾನ, ಇರಾನ್ ಕಡೆಯಿಂದ. 2020ರ ಅಕ್ಟೋಬರಿನಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಅದರ ಸಸಿಗಳನ್ನು ನೆಟ್ಟು ನಮ್ಮ ದೇಶದಲ್ಲಿಯೇ ಬೆಳೆಯುವ ಪ್ರಯತ್ನ ಆರಂಭವಾಗಿದೆ. ಅಂಗಡಿಯ ಇಂಗಿನಲ್ಲಿ ಗೋಧಿಹಿಟ್ಟು ಅಥವಾ ಮೈದಾ, ಗೋಂದು ಬೆರೆಸಿರುವುದು ಸಾಮಾನ್ಯ. ಗೋಧಿ ಒಗ್ಗದ ರೋಗಿಗಳು ಡಬ್ಬಿಯ ಮೇಲಿನ ವಿವರ ಓದಿ, ಅಕ್ಕಿಹಿಟ್ಟು ಬೆರೆಸಿದುದನ್ನು ಆರಿಸಿಕೊಳ್ಳಬೇಕು.

ಲವಂಗದಲ್ಲಿರುವ ಯೂಜಿನಾಲ್ ನೋವನ್ನು ಮರಗಟ್ಟಿಸುತ್ತದೆ. ಹಲ್ಲುನೋವಿಗೆ ಒಂದು ಲವಂಗವನ್ನು ನೋವಿನ ಜಾಗದಲ್ಲಿ ಒತ್ತಿ ಇಟ್ಟುಕೊಂಡರೆ ರಾತ್ರಿ ಕಳೆಯುತ್ತದೆ. ಬೆಳಿಗ್ಗೆ ದಂತವೈದ್ಯರಲ್ಲಿಗೆ ಹೋಗಲೇಬೇಕು, ಏಕೆಂದರೆ ನೋವು ನಿಂತರೂ ಹುಳುಕು ನಿಲ್ಲುವುದಿಲ್ಲ. ಲವಂಗದ ಎಣ್ಣೆ ಬಹಳ ತೀಕ್ಷ್ಣವಾದುದು. ಮಕ್ಕಳು ಕುಡಿದರೆ ವಿಷವಾಗುತ್ತದೆ. ಸೀಸೆಯನ್ನು ಅವರ ಕೈಗೆ ಸಿಗದಂತೆ ಇಡಬೇಕು.

ದಾಲ್ಚಿನ್ನಿಯಲ್ಲಿ ಎರಡು ಜಾತಿ. ತೆಳುವಾದ ಸುರುಳಿ ಪದರಗಳುಳ್ಳದ್ದು ನಿಜವಾದ ದಾಲ್ಚಿನ್ನಿ. ದಪ್ಪ, ಗಟ್ಟಿ ತೊಗಟೆಯದು ಕ್ಯಾಸಿಯಾ. ಎರಡನೆಯದರಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು. ದಿನವೂ ಚಮಚಗಟ್ಟಲೆ ತಿಂದರೆ ಯಕೃತ್ತಿಗೆ ಹಾನಿ. ಅಡುಗೆಯ ಮಸಾಲೆಗೆ ಬೀಳುವ ಒಂದೆರಡು ಚೂರುಗಳಿಗೆ ಚಿಂತೆ ಬೇಡ. ತೂಕ ಇಳಿಸುವ ಪಾನೀಯವೆಂದು ನಿತ್ಯ ಕುಡಿಯುವುದು ಬೇಡ.

ಕೂಸುಗಳ ವಿಷಯದಲ್ಲಿ

ಹಸುಗೂಸಿಗೆ ಹೊಟ್ಟೆನೋವೆಂದು ಬಜೆ, ಇಂಗು, ಜಾಜಿಕಾಯಿಗಳನ್ನು ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮಲ್ಲಿ ಇನ್ನೂ ಇದೆ. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡ, ನೀರೂ ಬೇಡ. ಒಂದು ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು. ಜೇನಿನಲ್ಲಿರಬಹುದಾದ ಸೂಕ್ಷ್ಮಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ಸೋಲಿಸುವ ವಿಷವನ್ನು ಉಂಟುಮಾಡಬಲ್ಲವು. ಜಾಜಿಕಾಯಿ ಸ್ವಲ್ಪ ಹೆಚ್ಚಾದರೂ ಮಂಪರು ತರುವ ದ್ರವ್ಯ. ಕೂಸು ‘ಚೆನ್ನಾಗಿ ಮಲಗಿತು’ ಎಂದು ಹಿಗ್ಗುವಂತಿಲ್ಲ.

ಶುದ್ಧತೆ ಮತ್ತು ಸಂಗ್ರಹ

ಕಲಬೆರಕೆಯಾದ ಮಸಾಲೆಯಿಂದ ಗುಣವನ್ನು ನಿರೀಕ್ಷಿಸುವಂತಿಲ್ಲ. ಅರಿಶಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುವ ದುರಾಚಾರ ನಮ್ಮ ಉಪಖಂಡದಲ್ಲಿ ಪತ್ತೆಯಾಗಿದೆ. ಸೀಸವು ಮಕ್ಕಳ ಮಿದುಳಿಗೆ ಮಾಡುವ ಹಾನಿ ಸರಿಪಡಿಸಲಾಗದಂಥದು. ಮನೆಯಲ್ಲಿಯೇ ಮಾಡಬಹುದಾದ ಕೆಲವು ಸರಳ ಪರೀಕ್ಷೆಗಳಿವೆ. ಗಾಜಿನ ಲೋಟದ ನೀರಿಗೆ ಒಂದು ಚಮಚ ಅರಿಶಿನ ಹಾಕಿದಾಗ ಶುದ್ಧ ಪುಡಿಯು ತಿಳಿ ಹಳದಿ ಬಣ್ಣ ಬಿಟ್ಟು ತಳಕ್ಕಿಳಿಯುತ್ತದೆ. ಕೃತಕ ಬಣ್ಣ ಬೆರೆತಿದ್ದರೆ ನೀರು ಗಾಢ ಹಳದಿಯಾಗುತ್ತದೆ. ಕಾಳುಮೆಣಸನ್ನು ನೀರಿಗೆ ಹಾಕಿದರೆ ಒಳ್ಳೆಯ ಕಾಳು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಜೀರಿಗೆಯನ್ನು ಅಂಗೈಯಲ್ಲಿ ಉಜ್ಜಿದಾಗ ಕೈ ಕಪ್ಪಾದರೆ ಇದ್ದಿಲು ಬಣ್ಣದ ಹುಲ್ಲುಬೀಜ ಬೆರೆತಿದೆಯೆಂದು ತಿಳಿಯಬೇಕು. ಇವು ಮೊದಲ ಸಂಶಯಕ್ಕೆ ಸಾಕಾಗುವ ಪರೀಕ್ಷೆಗಳು ಮಾತ್ರ. ಸೀಸದ ಖಚಿತ ಪತ್ತೆ ಪ್ರಯೋಗಾಲಯದಲ್ಲಿಯೇ ಆಗಬೇಕು. ಆದುದರಿಂದ ಪುಡಿಗಿಂತ ಅರಿಶಿನದ ಕೊಂಬನ್ನು, ಇಡೀ ಕಾಳುಗಳನ್ನು ಕೊಂಡು ಒಣಗಿಸಿ ಮನೆಯಲ್ಲಿಯೇ ಪುಡಿ ಮಾಡಿಕೊಳ್ಳುವುದು ಲೇಸು. ತೇವ ತಗುಲಿ ಬೂಷ್ಟು ಹಿಡಿದ ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಯಕೃತ್ತಿನ ವಿಷ ಹುಟ್ಟುತ್ತದೆ. ಅದು ಹುರಿದರೂ ಪೂರ್ತಿ ನಾಶವಾಗದು. ಅಂತಹ ಕಾಯಿಗಳನ್ನು ಎಸೆಯಬೇಕು.

ನಿತ್ಯದ ಅಳತೆ

ಆರೋಗ್ಯವಂತ ವಯಸ್ಕರೊಬ್ಬರಿಗೆ ಇಡೀ ದಿನದ ಅಡುಗೆಯಲ್ಲಿ ಅರಿಶಿನ ಕಾಲರಿಂದ ಅರ್ಧ ಚಹಾ ಚಮಚ, ಜೀರಿಗೆ ಒಂದು ಚಮಚ, ಕೊತ್ತಂಬರಿ ಬೀಜ ಒಂದೆರಡು ಚಮಚ, ಮೆಂತ್ಯ ಅರ್ಧರಿಂದ ಒಂದು ಚಮಚ, ಕಾಳುಮೆಣಸು ನಾಲ್ಕಾರು ಕಾಳು, ಹಸಿಶುಂಠಿ ಹೆಬ್ಬೆರಳಿನ ಅರ್ಧ ಗೆಣ್ಣಿನಷ್ಟು, ಇಂಗು ಒಂದು ಚಿಟಿಕೆ ಸಾಕು. ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸದೆ ಅಗಿದು ತಿನ್ನಿರಿ. ನೆಗಡಿ, ಕೆಮ್ಮುಗಳಿಗೆ ಕಷಾಯ ಮಾಡಿಕೊಂಡರೆ ದಿನಕ್ಕೆ ಒಂದೆರಡು ಸಲ, ಮೂರರಿಂದ ಐದು ದಿನಗಳವರೆಗೆ ಮಾತ್ರ. ಕೆಮ್ಮು ಎರಡು ವಾರ ದಾಟಿದರೆ ಕಷಾಯವನ್ನು ಬದಲಿಸುತ್ತ ಹೋಗದೆ ಕಫಪರೀಕ್ಷೆ ಮಾಡಿಸಬೇಕು, ಅದು ಕ್ಷಯವಿರಬಹುದು. ಸರಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ಯಾವ ಪದ್ಧತಿಯ ವೈದ್ಯರಲ್ಲಿಗೆ ಹೋದರೂ, ತಾವು ಸೇವಿಸುವ ಗುಳಿಗೆಗಳ ಜೊತೆಗೆ ಮನೆಯಲ್ಲಿ ಮಾಡಿಕೊಳ್ಳುವ ಕಷಾಯ, ಪುಡಿ, ನೆನೆಸಿದ ಕಾಳುಗಳನ್ನೂ ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ‘ಅದು ಮನೆಮದ್ದು, ಹೇಳುವುದೇನಿದೆ’ ಎಂದು ಮರೆಮಾಚಬೇಡಿರಿ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರಂತೂ ಬೆಳ್ಳುಳ್ಳಿ, ಶುಂಠಿ, ಅರಿಶಿನಗಳ ಗುಳಿಗೆ ಸೇವಿಸುತ್ತಿದ್ದರೆ ಎರಡು ವಾರ ಮುಂಚಿತವಾಗಿಯೇ ತಿಳಿಸಬೇಕು, ಏಕೆಂದರೆ ಇವು ರಕ್ತ ಹೆಪ್ಪುಗಟ್ಟುವಿಕೆಯನ್ನು ತಗ್ಗಿಸಬಲ್ಲವು. ಆ ಚೀಟಿಯನ್ನು ನೋಡಿದ ವೈದ್ಯರು ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ನಿಮ್ಮ ದೇಹಕ್ಕೆ ತಕ್ಕಂತೆ ಹೇಳಬಲ್ಲರು.